ನಾ ಹಾಕಿಸಿದ ತಗಡು

ನನ್ನ ಸಿಟ್ಟು ಮೂಗಿನ ತುದಿಮ್ಯಾಲ. ಮೊದಲೆಲ್ಲ ಇದನ್ನ ಹೆಮ್ಮಿಲೆ ಹೇಳಕೋತಿದ್ನಿ, ಈಗ ನಾಚಿಕಿ ಬರತೈತಿ.

ಪೀರನವಾಡಿಯ ನಮ್ಮ ಲೇಔಟಿನಾಗ ಮನಿಗಳು ಒಂದಕ್ಕೊಂದು ಅಂಟಿಕೊಂಡಾವ. ನಮ್ಮ ಹಿತ್ತಲಕ್ಕೂ ಬಾಜೂ ಮನಿ ಕಾಕೂನ ಹಿತ್ತಲಕ್ಕೂ ನಡುವ ಟೊಂಕದ ಮಟ ತಂತಿ ಬೇಲಿ ಅಷ್ಟ. ಕಾಕೂ ಖಾನಾಪುರ ಕಡೆಯಾಕಿ, ವಯಸ್ಸಾದಾಕಿ. ನಾ ಹೆಂಡತಿಮ್ಯಾಲ ಒದರಾಕ ಸುರು ಮಾಡಿದ್ರ ಸಾಕು, ಖಾಲಿ ವಾಟಗಾ ಹಿಡಕೊಂಡು ಬೇಲಿಗೆ ಬಂದು ನಿಂತಬಿಡತಿದ್ಲು: “ತಂಗಿ, ಒಂಚೂರು ಸಕ್ಕರಿ ಕೊಡ್ತಿಯೇನವಾ?” ಹೊರಗಿನವರ ಮುಂದ ಒದರೂದು ಹೆಂಗ? ಬಾಯಿ ಮುಚ್ಚತಿದ್ನಿ. ಹೆಂಡತಿ ಸಕ್ಕರಿ ಕೊಟ್ಟು, ಅಲ್ಲೇ ಒಂದೆರಡ ಮಾತಾಡಿ ಒಳಗ ಬರೂದ್ರಾಗ ನನ್ನ ಸಿಟ್ಟು ಇಳದಿರತಿತ್ತು.

ಗೋಡಿಗೂ ಕಿವಿ ಅದಾವ ಅಂತಾರ. ನಮ್ಮ ಬೇಲಿಗೆ ಕಿವಿ ಜೋಡಿ ವಾಟಗಾನೂ ಇತ್ತು. ಮೈಯಾಗ ಸಕ್ಕರಿ ಬ್ಯಾನಿ ಇಟ್ಟಕೊಂಡು ವಾರಕ್ಕ ಮೂರ ಸಲ ಸಕ್ಕರಿ ಕೇಳತಾಳಂದ್ರ, ಈಕಿಗೆ ನಮ್ಮ ಮನಿ ಸುದ್ದಿ ಬೇಕಾಗೇತಿ ಅಂತ ತಿಳದ್ನಿ. ನಮಗೂ ಪ್ರೈವೆಸಿ ಬೇಕೋ ಬ್ಯಾಡೋ ಅಂತ ಲೇಔಟಿನ ಕಮಿಟಿಯವರ ಜೋಡಿ ಜಗಳಾ ಮಾಡಿ, ಬೇಲಿಗುಂಟ ಆಳೆತ್ತರದ ತಗಡು ಹೊಡಸಿದ್ನಿ. ಹೆಂಡತಿ ಅವತ್ತ ಊಟಾ ಮಾಡಲಿಲ್ಲ. ಯಾಕಂತ ನಾ ಕೇಳಲೂ ಇಲ್ಲ.

ತಿಂಗಳಾಗಿರಲಿಲ್ಲ. ಒಂದಿನ ಸಂಜಿಮುಂದ ನೆಹರು ನಗರದಾಗಿನ ಕೆಲಸಾ ಮುಗಿಸಿ ಬಂದ್ನಿ. ಚಹಾ ಆರಿತ್ತು ಅನ್ನೂದ ನೆವ, ಒದರಿದ್ನಿ. ನಡುವ ಒಂದ ಗಳಿಗಿ ನಿಂತ್ನಿ. “ತಂಗಿ” ಅನ್ನೂ ದನಿಗೆ ಕಾಯೂದು ನನಗೂ ರೂಢಿಯಾಗಿತ್ತು. ಹಿತ್ತಲದಾಗ ತಗಡು ದಡದಡ ಅಂತು. ಗಾಳಿ ಇರಬೇಕು ಅಂತ ಬಿಟ್ನಿ. ಹದಿನಾಲ್ಕ ವರ್ಷದ ಸಂಸಾರದಾಗ ಮೊದಲನೇ ಸಲ ಆಕಿಮ್ಯಾಲ ಕೈ ಮಾಡಿದ್ನಿ.

ಮರುದಿನ ಮುಂಜಾನಿ ಆಕಿ ಪಾರಿಶ್ವಾಡದ ತವರಮನಿಗೆ ಹೋದ್ಲು. ರವಿವಾರ ಕರಿಯಾಕ ಹೋಗಿ, ತಪ್ಪಾತು ಅಂತ ಕೈ ಮುಗದ್ನಿ. ಆಕಿ ನೀರು ಕೊಟ್ಲು, ಬಾಗಲದಾಗ ನಿಂತು ಇಷ್ಟ ಅಂದ್ಲು:

“ಕಾಕೂ ಒಯ್ದ ಸಕ್ಕರಿ ಮರುದಿನ ಹಂಗ ತಿರುಗಿ ಕೊಡತಿದ್ರು. ಅವರಿಗೆ ಸಕ್ಕರಿ ಬೇಕಾಗಿರಲಿಲ್ರಿ. ಮೊದಲ ಆ ತಗಡು ತಗೀರಿ. ಆಮ್ಯಾಲ ಬರೂದು ನೋಡತೀನಿ.”

ಬಸ್ ಇಳದು ಮನಿಗೆ ಬಂದಾವನ ಸ್ಪ್ಯಾನರ್ ಹಿಡದ್ನಿ. ಮೊದಲನೇ ತಗಡು ಬಿಚ್ಚಿದ್ರ ಆ ಕಡೆ ಕಾಕೂ ನಿಂತಿದ್ಲು. ನಾ ಮಾರಿ ಎತ್ತಲಿಲ್ಲ.

“ಅವತ್ತೂ ವಾಟಗಾ ಹಿಡಕೊಂಡು ಇಲ್ಲೇ ನಿಂತಿದ್ನೆಪಾ,” ಅಂದ್ಲು. “ಕೈ ನೋಯೂಮಟ ತಗಡು ಬಡದ್ನಿ. ನಿನಗ ಕೇಳಸಲಿಲ್ಲ ಕಾಣತೈತಿ.”

ಕೇಳಿಸಿತ್ತು. ಗಾಳಿ ಅಲ್ಲಂತ ನನಗ ಅವತ್ತೂ ಗೊತ್ತಿತ್ತು.