ಮಾವನಿಗೆ ಗೊತ್ತಿದ್ದ ನೋವು

ಹೊಂಗಡಹಳ್ಳದ ನಮ್ಮ ಮನೆಯ ನಾಯಿಗೆ ಹನ್ನೆರಡು ವರ್ಷ ತುಂಬಿತ್ತು. ಹೋದ ವರ್ಷ ಕಾಫಿ ಕೊಯ್ಲು ಶುರುವಾದಾಗ ಅದು ಜಗಲಿಯಲ್ಲೇ ಉಚ್ಚೆ ಹೊಯ್ಯತೊಡಗಿತು. ವಯಸ್ಸಾದ ಮೇಲೆ ಸೋಮಾರಿತನ ಬಂದಿದೆ ಎಂದುಕೊಂಡು ಗದರಿದೆ. ಒಂದು ಸಲ ಪೊರಕೆಯಲ್ಲಿ ಬಾರಿಸಿಯೂ ಬಿಟ್ಟೆ. ಅದು ಓಡಲಿಲ್ಲ. ಹಿಂಗಾಲು ಅಗಲಿಸಿ ಅಲ್ಲೇ ನಿಂತು ತಿಣುಕುತ್ತಿತ್ತು. ಬಗ್ಗಿ ನೋಡಿದರೆ ನೆಲದ ಮೇಲೆ ನಾಲ್ಕೇ ಹನಿ, ಅದರಲ್ಲೂ ರಕ್ತ.

ಗಂಡನೂ ನಾನೂ ಅದನ್ನು ಜೀಪಿನಲ್ಲಿ ಮಲಗಿಸಿಕೊಂಡು ಸಕಲೇಶಪುರಕ್ಕೆ ಓಡಿದೆವು. ಡಾಕ್ಟರು ಗ್ಲೌಸ್ ಹಾಕಿಕೊಂಡು ಹಿಂಬದಿಯಿಂದ ಬೆರಳಿಟ್ಟು ನೋಡಿದರು. ಸೊಂಟದ ಮೂಳೆಗಳ ನಡುವೆ ಗಡ್ಡೆ ಬೆಳೆದು ಮೂತ್ರದ ದಾರಿಯನ್ನು ಒತ್ತುತ್ತಿದೆ ಎಂದರು. ತೆಳ್ಳನೆಯ ಪೈಪ್ ತೂರಿಸಿದಾಗ ಒಂದು ಬೋಗುಣಿಯಷ್ಟು ಕೆಂಪು ಮೂತ್ರ ಇಳಿಯಿತು. ನಾಯಿ ಉಸಿರು ಬಿಟ್ಟು ನನ್ನ ಕೈ ನೆಕ್ಕಿತು. ಆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

"ಗಡ್ಡೆ ತೆಗೆಯೋಕೆ ಆಗಲ್ವಾ ಡಾಕ್ಟ್ರೇ?" ಎಂದೆ.

"ಮೂಳೆಗೇ ಅಂಟ್ಕೊಂಡಿದೆ. ಉಚ್ಚೆ ಮತ್ತೆ ಕಟ್ಟುತ್ತೆ. ನೋವಿಲ್ಲದೆ ಕಳಿಸಿಕೊಡೋದರ ಬಗ್ಗೆ ನೀವು ಯೋಚನೆ ಮಾಡ್ಬೇಕಾಗುತ್ತೆ."

ನಾನು ಯೋಚನೆ ಮಾಡಲಿಲ್ಲ. ಮುಂದಿನ ಮೂರು ದಿನದಲ್ಲಿ ಇನ್ನೆರಡು ಸಲ ಕರೆದೊಯ್ದೆ. ಕೊನೆಯ ಸಲ ಪೈಪ್ ಒಳಗೇ ಹೋಗದೆ, ಹೊಟ್ಟೆಗೆ ಸೂಜಿ ಚುಚ್ಚಿ ಮೂತ್ರ ತೆಗೆದರು. ಮರುದಿನ ಬೆಳಿಗ್ಗೆ ಹೊಟ್ಟೆ ಮತ್ತೆ ಉಬ್ಬಿ ಕಲ್ಲಿನಂತಾಗಿತ್ತು. ಹಾಸನಕ್ಕೆ ಹೋಗೋಣ, ಬೆಂಗಳೂರಿಗೆ ಹೋಗೋಣ ಎಂದು ಗಂಡನ ಮೇಲೆ ಕೂಗಾಡಿದೆ. ಬಿಸಿ ಬಟ್ಟೆ ಒತ್ತಿದೆ. "ಒಂದೇ ಒಂದ್ಸಲ ಹೊಯ್ಯೋ" ಎಂದು ಅದರ ಮುಂದೆ ಕೂತು ಅಳತೊಡಗಿದೆ.

ಆಗ ಮಾವ ಹೊರಗೆ ಬಂದರು. ಅವರು ಪಂಚೆಯ ಮರೆಯಲ್ಲಿ ಮೂತ್ರದ ಚೀಲ ಕಟ್ಟಿಕೊಂಡು ಎರಡು ವರ್ಷವಾಗಿತ್ತು. ಅದರ ಬಗ್ಗೆ ಸೊಸೆಯ ಮುಂದೆ ಒಂದು ಮಾತೂ ಆಡಿದವರಲ್ಲ. ಕಷ್ಟಪಟ್ಟು ನಾಯಿಯ ಪಕ್ಕ ಕೂತರು.

"ನಂಗೆ ಉಚ್ಚೆ ಕಟ್ಟಿದ್ ದಿನ, ಹಾಸನ ಮುಟ್ಟೋವರ್ಗೂ ಸಾಯಿಸ್ಬುಡಿ ಅಂತ ಮನ್ಸಲ್ಲೇ ಕೂಗ್ಕೊತಿದ್ದೆ ಕಣವ್ವ. ನಂಗೆ ಪೈಪ್ ಹಾಕುದ್ರು, ಬದುಕ್ದೆ. ಇದ್ಕೆ ಪೈಪೂ ಹೋಗ್ನಿಲ್ಲ ಅಂತೀರ. ಇನ್ಯಾಕವ್ವ ನರಳಿಸ್ತೀಯ?"

ಡಾಕ್ಟರಿಗೆ ಫೋನ್ ಮಾಡುವಂತೆ ಗಂಡನಿಗೆ ಹೇಳಿದೆ. ಅವರಿಗೆ ನೋವಾಗುತ್ತದೆಯೇ ಎಂದು ಈ ಎರಡು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಮಧ್ಯಾಹ್ನ ಡಾಕ್ಟರು ಮನೆಗೇ ಬಂದರು. ಮಾವ ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಉಸಿರು ನಿಂತ ಸ್ವಲ್ಪ ಹೊತ್ತಿಗೆ ನಾಯಿಯ ಕೆಳಗೆ ಹಾಸಿದ್ದ ಗೋಣಿಚೀಲ ನಿಧಾನವಾಗಿ ಒದ್ದೆಯಾಯಿತು. ಅದು ಹರಿದು ಬಂದು ಮಾವನ ಪಂಚೆಯೂ ನೆನೆಯಿತು, ಅವರು ಕದಲಲಿಲ್ಲ. ಗಂಡ ಹಾರೆ ತರಲು ಎದ್ದು ಹೋದ. ಇನ್ನೊಂದು ದಿನ ಕಾಯಬಹುದಿತ್ತೇನೋ ಎಂದು ನಾನು ಆಗಲೂ ಯೋಚಿಸುತ್ತಿದ್ದೆ.