ಓಟಿಗೆ ಸಾಲದ ವಯಸ್ಸು

ನಮ್ಮ ಲೋಕಸಭಾ ಕ್ಷೇತ್ರದ ಚುನಾವಣೆಗಳ ಇತಿಹಾಸ ಬರೆದವರೆಲ್ಲ ಮೊದಲ ಚುನಾವಣೆಯಿಂದ ಶುರುಮಾಡುತ್ತಾರೆ. ಯಾರು ನಿಂತರು, ಯಾರು ಗೆದ್ದರು, ಯಾರ ಠೇವಣಿ ಹೋಯಿತು. ಅದಕ್ಕೂ ಮುಂಚೆ ಮನೆಮನೆಗೆ ಹೋಗಿ ಮತದಾರರ ಪಟ್ಟಿ ಬರೆದರು ಎಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಒಂದು ಸಾಲನ್ನು ಓದಿದಾಗಲೆಲ್ಲ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ನಾವಿದ್ದ ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟು, ಬ್ರಿಟಿಷರ ಕೈಯಿಂದ ಮೈಸೂರಿಗೆ ವಾಪಸು ಬಂದಿತ್ತು. ಹಲಸೂರಿನ ಬಜಾರಿನ ಹಿಂದಿನ ಗಲ್ಲಿಯಲ್ಲಿ ನಮ್ಮದು ಬಾಡಿಗೆ ಮನೆ. ಅಪ್ಪ, ಅಮ್ಮ, ನಾನು, ನನ್ನ ತಮ್ಮ, ಇಷ್ಟೇ ಜನ. ಅಪ್ಪ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ದಿನವೆಲ್ಲ ಗಿರಾಕಿಗಳ ಜೊತೆ ತಮಿಳು, ದಖನಿ ಉರ್ದು, ಮುರುಕು ಇಂಗ್ಲಿಷ್ ಆಡಿ ಬಂದು, ಸಂಜೆ ನಮ್ಮೆದುರು ಕನ್ನಡದಲ್ಲಿ ಭಾಷಣ ಮಾಡುವರು. ಬ್ರಿಟಿಷರಿದ್ದಾಗ ಮುನಿಸಿಪಾಲಿಟಿ ಚುನಾವಣೆಯಲ್ಲಿ ಕಂದಾಯ ಕಟ್ಟುವವರಿಗೆ ಮಾತ್ರ ಓಟಿತ್ತು. ಬಾಡಿಗೆ ಮನೆಯ ಅಪ್ಪನಿಗೆ ಇರಲಿಲ್ಲ. ಅದನ್ನವರು ಒಂದು ದಿನವೂ ಮರೆತವರಲ್ಲ.

ಇನ್ನು ಮುಂದೆ ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಓಟು ಎಂದು ಪೇಪರಿನಲ್ಲಿ ಬಂದ ದಿನ ಅಪ್ಪ ಅದನ್ನು ಗಟ್ಟಿಯಾಗಿ ಎರಡು ಸಲ ಓದಿದರು.

"ಕೇಳಿಸ್ಕೊಂಡ್ರಾ? ಬೆನ್ಸನ್ ಟೌನ್ ಬಂಗಲೆಯವ್ನಿಗೂ ಒಂದೇ ಓಟು, ನಮ್ಗೂ ಒಂದೇ. ಹೆಂಗಸ್ರಿಗೂ ಉಂಟು!"

ನನಗಾಗ ಇಪ್ಪತ್ತಮೂರು. ನಾಲ್ಕು ಗೋಡೆಯೊಳಗೆ ಅಕ್ಕಿ ಆರಿಸುತ್ತ ಕೂತವಳನ್ನೂ ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂದರೆ ನನಗೆ ಹಿಗ್ಗೋ ಹಿಗ್ಗು.

ನಮ್ಮ ಗಲ್ಲಿಯ ಪಟ್ಟಿ ಬರೆಯಲು ಬಂದವರು ಹತ್ತಿರದ ಶಾಲೆಯ ಮೇಷ್ಟ್ರು. ಹಿಂದಿನ ವರ್ಷವಷ್ಟೇ ಕೋಲಾರದ ಕಡೆಯಿಂದ ವರ್ಗವಾಗಿ ಬಂದಿದ್ದರು. ಪಾಠ ಹೇಳುವುದಕ್ಕಿಂತ ಗಂಡು ಹೆಣ್ಣು ಕೂಡಿಸುವುದರಲ್ಲಿ ಅವರಿಗೆ ಹುರುಪು ಜಾಸ್ತಿ. ಅವರ ಕೈಚೀಲದಲ್ಲಿ ಸರ್ಕಾರದ ಫಾರಂಗಳ ಜೊತೆಗೇ ಜಾತಕಗಳ ಕಟ್ಟೂ ಇರುತ್ತಿತ್ತು. ನನ್ನ ಜಾತಕವೂ ಅದರೊಳಗಿತ್ತು. ಕೆ.ಆರ್. ಪುರದ ಒಂದು ಮನೆಯವರಿಗೆ ಅದನ್ನು ತೋರಿಸಿ, ಮಾತು ಅರ್ಧ ಮುಗಿಸಿದ್ದರು. ಆ ಜಾತಕದ ಪ್ರಕಾರ ನನಗೆ ಹತ್ತೊಂಬತ್ತು. ಇಪ್ಪತ್ತಮೂರರ ಹುಡುಗಿಯನ್ನು ಯಾರೂ ಒಪ್ಪುವುದಿಲ್ಲವೆಂದು ಅಪ್ಪ ಹೊಸದಾಗಿ ಬರೆಸಿದ ಜಾತಕವದು.

ನಾನು ಒಳಗೆ ರುಬ್ಬುತ್ತಿದ್ದೆ. ಬಾಗಿಲಲ್ಲಿ ಅಮ್ಮ ಮೇಷ್ಟ್ರಿಗೆ ಉತ್ತರ ಹೇಳುತ್ತಿದ್ದಳು.

"ಮಗನಿಗೆಷ್ಟಮ್ಮ?"

"ಇಪ್ಪತ್ತೊಂದು ತುಂಬ್ತು ಮೇಷ್ಟ್ರೇ. ಕಾರ್ಖಾನೆ ಕೆಲ್ಸಕ್ಕೂ ಸೇರ್ಕೊಂಡ."

"ಮಗಳಿಗೆ ಹತ್ತೊಂಬತ್ತಲ್ವಾ? ಜಾತಕ ನನ್ಹತ್ರಾನೇ ಐತಲ್ಲ. ಅವ್ಳ ಹೆಸ್ರು ಬೇಡ ಬಿಡಿ."

ಅಮ್ಮ "ಹೂಂ" ಎಂದಳು. ಹಿಟ್ಟಿನ ಕೈಯಲ್ಲೇ ನಾನು ಹೊರಗೆ ಓಡಿಬರುವಷ್ಟರಲ್ಲಿ ಮೇಷ್ಟ್ರು ಪಕ್ಕದ ಮನೆಗೆ ದಾಟಿದ್ದರು. ಅಮ್ಮನ ಮೇಲೆ ಹರಿಹಾಯ್ದೆ.

"ಓಟು ಮುಂದಿನ ಸಲಾನೂ ಹಾಕ್ಬೋದು ಕಣೆ. ಗಂಡು ಕಾಯ್ತಾನಾ?" ಎಂದಳು.

ಕರಡು ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿದಾಗ ನಾನೇ ಹೋಗಿ ನೋಡಿದೆ. ನಮ್ಮ ಮನೆಯಿಂದ ಮೂರು ಹೆಸರು. ತಮ್ಮ ತನ್ನ ಕ್ರಮಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಕಾರ್ಖಾನೆಯಲ್ಲೆಲ್ಲ ತೋರಿಸಿ ಬಂದಿದ್ದ. ಅವನ ಸಂತೋಷ ಕಂಡು ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ತಪ್ಪಿದ್ದರೆ ಅರ್ಜಿ ಕೊಡಬಹುದೆಂದು ಅಲ್ಲೇ ಬರೆದಿತ್ತು. ಕೊಟ್ಟೆ. ಆದರೆ ವಯಸ್ಸಿಗೆ ದಾಖಲೆ ಎಲ್ಲಿಂದ ತರಲಿ? ನನ್ನ ಶಾಲೆಯ ಸರ್ಟಿಫಿಕೇಟು ಅಪ್ಪನ ಟ್ರಂಕಿನಲ್ಲಿತ್ತು, ಟ್ರಂಕಿನ ಬೀಗದಕೈ ಅಪ್ಪನ ಉಡಿದಾರದಲ್ಲಿತ್ತು.

"ದಾಖಲೆ ಯಾಕಕ್ಕ, ನಾನೇ ಇಲ್ವಾ?" ಎಂದ ತಮ್ಮ. "ನಿನ್ಗಿಂತ ಎರಡು ವರ್ಷ ಚಿಕ್ಕೋನು ಪಟ್ಟೀಲಿದ್ದೀನಿ. ನಿನ್ನ ಹೆಂಗೆ ಬಿಡ್ತಾರೆ? ನಾನು ಬಂದು ಹೇಳ್ತೀನಿ."

ಯಾವ ವಕೀಲನಿಗೂ ಇಷ್ಟು ಸಲೀಸಾದ ವಾದ ಹೊಳೆಯುತ್ತಿರಲಿಲ್ಲವೆಂದು ನಾನೂ ಬೀಗಿದೆ.

ವಿಚಾರಣೆಗೆ ಕರೆದದ್ದು ಶಿವಾಜಿನಗರದ ಒಂದು ಶಾಲೆಗೆ. ಆಗಿನ್ನೂ ಎಲ್ಲರೂ ಆ ಬಡಾವಣೆಯನ್ನು ಬ್ಲ್ಯಾಕ್‌ಪಲ್ಲಿ ಎಂದೇ ಕರೆಯುತ್ತಿದ್ದರು. ನೋಟೀಸು ಅಪ್ಪನ ಕೈಗೇ ಸಿಕ್ಕಿತ್ತು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಕೋಟು ತೊಟ್ಟು ನಮ್ಮ ಜೊತೆ ಹೊರಟರು. ನನ್ನ ಪರವಾಗಿಯೇ ಬರುತ್ತಿದ್ದಾರೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಪೇಪರು ಓದಿದ್ದು ಅವರೇ ತಾನೆ?

ಅಧಿಕಾರಿಯ ಮೇಜಿನ ಪಕ್ಕದಲ್ಲಿ, ಪಟ್ಟಿ ಬರೆದವರೆಂದು ನಮ್ಮ ಮೇಷ್ಟ್ರನ್ನೇ ಕೂರಿಸಿದ್ದರು. ಅಪ್ಪ ಅವರನ್ನು ಕಂಡವರೇ ಬಾಗಿಲಲ್ಲೇ ನಿಂತುಬಿಟ್ಟರು. ನಮಗಿಂತ ಮುಂದೆ ಫ್ರೇಜರ್ ಟೌನಿನ ಒಬ್ಬ ಬುರ್ಖಾದ ಅಜ್ಜಿ ತನ್ನ ಹೆಸರನ್ನು ತಾನೇ ಮೂರು ಸಲ ಹೇಳಿ ಬರೆಸಿ ಹೋದಳು. ಆಮೇಲೆ ನನ್ನ ಸರದಿ.

"ನನಗೆ ಇಪ್ಪತ್ತಮೂರು ಸಾರ್. ಪಟ್ಟೀಲಿ ನನ್ನ ಹೆಸ್ರೇ ಬಿಟ್ಟಿದ್ದಾರೆ."

ಮೇಷ್ಟ್ರು ಹುಬ್ಬೇರಿಸಿ, "ಜಾತಕದಲ್ಲಿ ಹತ್ತೊಂಬತ್ತು ಅಂತೈತೆ ಸಾರ್" ಎಂದರು. ತಮ್ಮ ಮುಂದೆ ಬಂದ.

"ಹೌದು ಸಾರ್. ಇವ್ಳು ನನ್ನ ಅಕ್ಕ. ಪಟ್ಟೀಲಿ ನನ್ಗೇ ಇಪ್ಪತ್ತೊಂದು ಅಂತಿದೆ, ನೋಡಿ."

ಅಧಿಕಾರಿ ಪುಟ ತಿರುವಿ ನೋಡಿ ನಕ್ಕರು. "ಅಕ್ಕಂಗೆ ಹತ್ತೊಂಬತ್ತು, ತಮ್ಮಂಗೆ ಇಪ್ಪತ್ತೊಂದಾ? ಎರಡ್ರಲ್ಲಿ ಒಂದು ಸುಳ್ಳಾಗಿರ್ಲೇಬೇಕು. ತಂದೆಯವ್ರು ನೀವೇನ್ರೀ? ಯಾವ್ದು ಸುಳ್ಳು, ನೀವೇ ಹೇಳಿ."

ಅಪ್ಪ ನನ್ನನ್ನು ನೋಡಲಿಲ್ಲ. ತಮ್ಮನನ್ನೂ ನೋಡಲಿಲ್ಲ. ಮೇಷ್ಟ್ರ ಮುಖ ನೋಡಿದರು.

"ಮಗಳದ್ದು ಸರಿಯಾಗಿದೆ ಸಾರ್. ಹುಡುಗಂದೇ ತಪ್ಪಾಗಿರೋದು. ಅವ್ನಿಗಿನ್ನೂ ಹದಿನೆಂಟು."

ನಾನು "ಅಪ್ಪಾ" ಎಂದೆ. ಅಷ್ಟೇ ಬಂದದ್ದು. ನಾಲ್ಕು ಜನರ ಎದುರಿಗೆ ಅಪ್ಪನನ್ನು ಸುಳ್ಳುಗಾರ ಎನ್ನುವ ಧೈರ್ಯ ಇದ್ದಿದ್ದರೆ ಆ ಹೊತ್ತು ಬೇಕಿತ್ತು, ಇರಲಿಲ್ಲ. ಅಧಿಕಾರಿ ಲೇಖನಿಯನ್ನು ಕೆಂಪು ಶಾಯಿಯಲ್ಲಿ ಅದ್ದಿ ತಮ್ಮನ ಹೆಸರಿನ ಮೇಲೆ ಗೆರೆ ಎಳೆದರು. ನನ್ನ ಅರ್ಜಿಯ ಮೇಲೆ "ವಜಾ" ಎಂದು ಬರೆದರು. ಎರಡೂ ಕೆಲಸಕ್ಕೆ ಒಂದು ನಿಮಿಷ ಹಿಡಿಯಲಿಲ್ಲ.

ಹಲಸೂರಿನವರೆಗೆ ಮೂವರೂ ನಡೆದೇ ಬಂದೆವು. ಅಪ್ಪನ ಮೇಲೆ ಕೋಪ ಕುದಿಯುತ್ತಿತ್ತು, ಅದಕ್ಕಿಂತ ಹೆಚ್ಚು ನನ್ನ ಮೇಲೆ. ಒಂದು ಓಟು ತರಲು ಹೋದವಳು ಇದ್ದ ಒಂದನ್ನೂ ಕಳೆದು ಬಂದಿದ್ದೆ, ಅದೂ ನನಗೋಸ್ಕರ ಸಾಕ್ಷಿ ಹೇಳಲು ಬಂದವನದು.

ಅಮ್ಮ ಬಾಗಿಲಲ್ಲೇ ಕಾದಿದ್ದಳು. ಪಟ್ಟಿಯ ವಿಷಯ ಕೇಳಲೇ ಇಲ್ಲ.

"ಮೇಷ್ಟ್ರು ಅಲ್ಲಿದ್ರಾ? ಅವ್ರಿಗೇನೂ ಗೊತ್ತಾಗ್ಲಿಲ್ಲ ತಾನೆ?"

ಅಪ್ಪ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಉತ್ತರ ಕೊಟ್ಟವನು ತಮ್ಮ.

"ಏನೂ ಗೊತ್ತಾಗ್ಲಿಲ್ಲಮ್ಮ. ಅಕ್ಕನ ಮದ್ವೆಗೇನೂ ತೊಂದ್ರೆ ಇಲ್ಲ. ನನ್ಗೇ ಇವತ್ತು ಮೂರು ವರ್ಷ ಕಮ್ಮಿಯಾಯ್ತು."

ಅವನು ತಮಾಷೆಗೆ ಹೇಳಿದ್ದಿರಬೇಕು. ಮನೆಯಲ್ಲಿ ಯಾರೂ ನಗಲಿಲ್ಲ.