ಬಲೆ ತುಂಬಿದ ಸೀಟು

ಸ್ಕೂಟರಿನ ಸೀಟು ಹೊಲಿಸಲು ಕುಮಟಾದ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ವೆಲ್ಡಿಂಗೂ ಮಾಡುತ್ತಾನೆ. ಅವನು ಯಾವುದೋ ಹಳೇ ಟ್ರ್ಯಾಕ್ಟರ್ ಸೀಟಿನ ರೆಕ್ಸಿನ್ ಸೀಳಿ ಒಳಗಿನದನ್ನೆಲ್ಲ ಎಳೆದು ನೆಲಕ್ಕೆ ಹಾಕಿದ. ಒಣಮೀನು, ಉಪ್ಪು, ತುಕ್ಕು ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ, ಮುದ್ದೆಯಾದ ನೀಲಿ ಮೀನುಬಲೆ. ಬಲೆ ತುಂಬಿದ ಟ್ರ್ಯಾಕ್ಟರ್ ಸೀಟು ನಾನು ಕಂಡದ್ದು ಒಂದೇ. ಅದನ್ನು ತುಂಬಿದವಳು ನಮ್ಮ ಆಚೆಮನೆಯ ಅಕ್ಕ...

ಅಕ್ಕ ತದಡಿ ಕಡೆಯ ಮೀನುಗಾರರ ಮನೆಯವಳು, ಹಿರೇಗುತ್ತಿಗೆ ಮದುವೆಯಾಗಿ ಬಂದವಳು. ಅವಳ ಗಂಡ, ನಾನು ಭಾವ ಎನ್ನುತ್ತಿದ್ದವನು, ಊರಿನ ಒಡೆಯರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅದರ ಸೀಟಿನ ಸ್ಪಂಜು ಸವೆದು ಅಡಿಯ ಕಬ್ಬಿಣದ ಬಟ್ಟಲೊಂದೇ ಉಳಿದಿತ್ತು. ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ದಿನವಿಡೀ ಕುಲುಕಿಸಿಕೊಂಡು ಬಂದ ಭಾವ ಸಂಜೆ ಜಗಲಿಯಲ್ಲಿ ಬೋರಲು ಬೀಳುತ್ತಿದ್ದ. ಅಕ್ಕ ಬಟ್ಟೆಯಲ್ಲಿ ಬಿಸಿ ಉಪ್ಪು ಕಟ್ಟಿ ಅವನ ಸೊಂಟ ಕಾಯಿಸುತ್ತಿದ್ದಳು. ಕಡೆಗೆ, ಸೀಟು ಸರಿಮಾಡಿಸಿಕೊಡಿ ಎಂದು ಕೇಳಲು ಅವಳೇ ಒಡೆಯರ ಅಂಗಳಕ್ಕೆ ಹೋದಳು.

"ಟ್ರ್ಯಾಕ್ಟರ್ ಓಡೂಕೆ ಇಂಜಿನ್ ಸಾಕು. ನಿನ್ ಗಂಡಂಗೆ ಮೆತ್ತಗೆ ಬೇಕಾದ್ರೆ ನೀನೇ ಹೋಗಿ ಅಡಿಗೆ ಕುಂತ್ಕ" ಎಂದರು ಒಡೆಯರು. ಸುತ್ತ ಇದ್ದವರೆಲ್ಲ ನಕ್ಕರು.

ಅಕ್ಕ ತವರಿನಿಂದ ಹರಿದ ಬಲೆ ತಂದಳು. ಸಮುದ್ರದವರ ಮನೆಯಲ್ಲಿ ಹರಿದ ಬಲೆ ಹಾಳಾಗುವುದಿಲ್ಲ, ಬೇಲಿಗೆ, ಕೋಳಿಗೂಡಿಗೆ, ಏನಿಲ್ಲದಿದ್ದರೆ ಮಗುವಿನ ಜೋಲಿಗೆ ಆಗುತ್ತದೆ. ಅದನ್ನೇ ಸೀಟಿಗೆ ತುಂಬಿ, ರೆಕ್ಸಿನ್ ಹೊದಿಸಿ, ದಬ್ಬಣದಲ್ಲಿ ಹೊಲಿದಳು. ಮೊದಲು ಸಿಹಿನೀರಿನಲ್ಲಿ ತೊಳೆಯಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅವಳ ತವರಿನಲ್ಲಿ ಬಲೆ ತೊಳೆಯುತ್ತಿದ್ದದ್ದೂ ಉಪ್ಪುನೀರಿನಲ್ಲೇ. ಭಾವ ಕೂತು ನೋಡಿ, "ಒಡೆಯರ ಮಂಚಕ್ಕಿಂತ ಚಲೋ ಆತು" ಎಂದ. ಅವಳು ಹಿಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಮಳೆಗಾಲದಲ್ಲೇ, ಗಜನಿಯ ಕಟ್ಟೆಯ ಮೇಲೆ ಹೋಗುವಾಗ ಸೀಟು ಬುಡಸಮೇತ ಕಿತ್ತು ಭಾವ ಹಿಂದಕ್ಕೆ ಕಲ್ಲಿನ ಮೇಲೆ ಬಿದ್ದ. ಬೆನ್ನುಮೂಳೆ ಮುರಿಯಿತು, ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆಸ್ಪತ್ರೆಗೆ ಬಂದ ಒಡೆಯರು, "ಇವಳ ಉಪ್ಪಿನ ಬಲೆ ಕಬ್ಬಿಣ ತಿಂದು ಹಾಕ್ತು" ಎಂದರು. ಮಲಗಿದ್ದ ಭಾವನೂ ಹೌದೆಂದ. ಅಲ್ಲಿಗೆ ತೀರ್ಮಾನವಾಯಿತು. ಒಡೆಯರ ಮನೆಯಿಂದ ತಿಂಗಳು ತಿಂಗಳು ಅಕ್ಕಿ ಬರತೊಡಗಿತು, ಊರು ಅವರದು ದೊಡ್ಡ ಮನಸ್ಸು ಎಂದಿತು.

ಆಮೇಲೆ ಅಕ್ಕ ಬಾಳಿದ್ದು ಬಾಳಲ್ಲ. ಅವನ ಹೇಲುಚ್ಚೆ ಬಳಿದಳು, ಬೆನ್ನಿನ ಹುಣ್ಣು ತೊಳೆದಳು. ಗಂಜಿ ಸ್ವಲ್ಪ ಬಿಸಿಯಿದ್ದರೆ ಬಟ್ಟಲು ಅವಳ ಮುಖಕ್ಕೇ ಹಾರುತ್ತಿತ್ತು. "ಸೊಂಟ ಮುರ್ದದ್ದು ಸಾಕಾಗ್ಲಿಲ್ವಾ? ಬಾಯೂ ಸುಡ್ತೀಯಾ?" ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಕೋಪ ಅವನದು, ದವಡೆ ಮಾತ್ರ ಅವಳದು. ಬಾವಿಕಟ್ಟೆಯ ಹೆಂಗಸರು ಅವಳ ಕೈಗೆ ಕೂಸು ಕೊಡುವುದನ್ನೂ ಬಿಟ್ಟರು. ಒಮ್ಮೆ ನನ್ನ ಹತ್ತಿರ ಮಾತ್ರ ಕೇಳಿದಳು, "ತಂಗೀ, ನಾ ಆ ಬಲೆ ತೊಳ್ದಿದ್ರೆ ಅವ್ರು ಈಗ ನಡೀತಿದ್ರಾ?" ನಾನು ಏನೆಂದೆನೋ ನೆನಪಿಲ್ಲ... ಹೋದ ಮಳೆಗಾಲ ಜ್ವರ ಬಂದು ತೀರಿಕೊಂಡಳು.

ಈ ಸೀಟು ಅದೇ ಎಂದು ಅಂಗಡಿಯವನೇ ಹೇಳಿದ. ಈಗ ಒಡೆಯರ ಮಗ ಹೈವೇ ಪಕ್ಕ ಹೋಂಸ್ಟೇ ಮಾಡಿದ್ದಾನೆ. ಶೆಡ್ಡಿನಲ್ಲಿ ಬಿದ್ದಿದ್ದ ಆ ಟ್ರ್ಯಾಕ್ಟರನ್ನು ಅದರ ಮುಂದೆ ನಿಲ್ಲಿಸುತ್ತಾನಂತೆ, ಬಂದವರು ಕೂತು ಫೋಟೊ ತೆಗೆಸಿಕೊಳ್ಳಲು. ಅದಕ್ಕೇ ಸೀಟಿಗೆ ಹೊಸ ಸ್ಪಂಜು, ಕೆಂಪು ರೆಕ್ಸಿನ್. ಅಂಗಡಿಯವನು ಕಬ್ಬಿಣದ ಬಟ್ಟಲನ್ನು ಮಗುಚಿದ. ತುಕ್ಕು ಹಿಡಿದಿತ್ತು, ಆದರೆ ಎಲ್ಲೂ ತೂತಿರಲಿಲ್ಲ. ಮುರಿದದ್ದು ಬಟ್ಟಲನ್ನು ಗಾಡಿಗೆ ಹಿಡಿಸುವ ಅಡಿಯ ಕಾಲು. ಬಲೆ ತಾಗುವ ಜಾಗವೇ ಅದಲ್ಲ.

"ಇದ್ರ ಬೆಸುಗೆ ಅಂವ ಬೀಳೂಕೆ ಮೊದ್ಲೇ ಬಿಟ್ಟಿತ್ತು, ಅಕ್ಕೋರೆ. ಡ್ರೈವರ್ ತಂದು ತೋರ್ಸಿದ್ದ. ಒಡೆಯರು ಈಗ ಬ್ಯಾಡ ಅಂದ್ರು" ಎಂದ.

"ಇಷ್ಟ್ ವರ್ಷ ಎಂತಕ್ಕೆ ಹೇಳ್ಲಿಲ್ಲ?"

"ಒಡೆಯರ ಗಾಡಿ ಎಲ್ಲಾ ನನ್ನ ಹತ್ರನೇ ಬರೂದಲ್ರಾ. ಬಿದ್ದವನೇ ಸುಮ್ನಿದ್ದ, ನಾ ಎಂತಕ್ಕೆ ಹೇಳ್ಲಿ?"

ಸ್ಕೂಟರ್ ಅಲ್ಲೇ ಬಿಟ್ಟು ಹಿರೇಗುತ್ತಿಯ ಬಸ್ಸು ಹತ್ತಿದೆ. ಭಾವ ಅದೇ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ತಮ್ಮನ ಮನೆಯವರು ಹೊತ್ತಿಗೊಮ್ಮೆ ಇಣುಕಿ ಹೋಗುತ್ತಾರೆ, ಅಷ್ಟೇ. ಬೆಸುಗೆ ಬಿಟ್ಟದ್ದು ನಿಂಗೆ ಗೊತ್ತಿತ್ತಲ್ದಾ ಭಾವ, ಎಂದು ನೇರವಾಗಿ ಕೇಳಿದೆ.

"ಗೊತ್ತಿತ್ತು" ಎಂದ, ತಿರುಗದೆ. "ಒಡೆಯರ ಹೆಸ್ರು ಹೇಳಿದ್ರೆ ಅಕ್ಕಿ ಬರ್ತಿತ್ತಾ? ನಿನ್ನ ಅಕ್ಕನ ಹೆಸ್ರು ಹೇಳಿದ್ರೆ ಎಂತ ಹೋಗೂದಿತ್ತು? ನನ್ನ ಬಿಟ್ಟು ಅದು ಎಲ್ಲಿಗೆ ಹೋಗ್ತಿತ್ತು?"

ಆ ಅಕ್ಕಿಯನ್ನು ಬೇಯಿಸಿ ಅವನ ಬಾಯಿಗಿಟ್ಟವಳು ಅಕ್ಕ. ನಾನು ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲ ಕೇಳಿಸಿಕೊಂಡು, ಕಡೆಗೆ ಕುಡಿಯಲು ನೀರು ಕೇಳಿದ. ಅಕ್ಕ ಇದ್ದಿದ್ದರೆ, ಈ ಮಾತು ಕೇಳಿದ ಮೇಲೂ ಓಡಿ ಹೋಗಿ ತರುತ್ತಿದ್ದಳು. ಅವಳಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನೇ ಕೊಟ್ಟು ಬಂದೆ.